ನಾಲ್ಕು ಎಣಿಕೆಯ ಮೌನ

“ಮಂಡಿಗೆ ಈ ಹಸರ ಎಣ್ಣಿ ಹಚ್ಚು, ಏಳ ದಿನದಾಗ ಚಿಗರಿಯಂಗ ಜಿಗದಾಡ್ತಿ ಅಂತ ನೀವ ಹೇಳಿದ್ರಿ. ನಾ ಏನ್ ಕನಸ ಕಂಡೇನೇನ?”

ದಾನವ್ವ ಹಾಗೆಂದು ಮೂರು ಬಾಟಲಿಗಳನ್ನು ಪಡಸಾಲೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಪಾರ್ಸೆಲ್ಲಿನವನು ಆಗಷ್ಟೇ ಗಾಡಿ ತಿರುಗಿಸಿಕೊಂಡು ಹೋಗಿದ್ದ. ಮುರಿಗೆಪ್ಪ ಬಾಟಲಿಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಎರಡು ದಿನದ ಹಿಂದೆ ಇದೇ ಹೊತ್ತಿಗೆ ತಾನು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಹಿತ್ತಲ ಬಾಗಿಲಿನ ಕೀಲು ಸಡಿಲಾಗಿದೆ, ಸ್ಕ್ರೂ ಡ್ರೈವರ್ ಎಲ್ಲಿಟ್ಟಿದ್ದೀ ಎಂದು ಕೇಳಿದ್ದ, ಅಷ್ಟೇ. ಎಣ್ಣೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಅವನ ಮಂಡಿಯೂ ಅವಳ ಮಂಡಿಯೂ ಗಟ್ಟಿಯಾಗಿದ್ದವು. ಮೂವತ್ತೊಂದು ವರ್ಷ ನಿಂತೇ ದುಡಿದ ಮಂಡಿಗಳು ಅವು. ಹಾಳಾಗಿದ್ದದ್ದು ಕಿವಿ ಮಾತ್ರ.

ಬನಹಟ್ಟಿಯಲ್ಲಿ ಅವರಿಬ್ಬರೂ ದುಡಿದದ್ದು ಇಪ್ಪತ್ನಾಲ್ಕು ವಿದ್ಯುತ್ ಮಗ್ಗಗಳ ಒಂದು ಶೆಡ್ಡಿನಲ್ಲಿ. ಒಂದು ಮಗ್ಗ ಓಡಿದರೆ ಪಕ್ಕದವರ ಮಾತು ಕೇಳುವುದಿಲ್ಲ. ಇಪ್ಪತ್ನಾಲ್ಕೂ ಓಡಿದರೆ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ. ಹಾಗಂತ ಮನುಷ್ಯರು ಮಾತು ಬಿಡುತ್ತಾರೆಯೇ? ಶೆಡ್ಡಿನವರು ದನಿಯನ್ನು ಬಿಟ್ಟರು, ಮಾತನ್ನು ಇಟ್ಟುಕೊಂಡರು. ತುಟಿಯನ್ನು ಅಗಲಿಸಿ, ಹುಬ್ಬು ಕುಣಿಸಿ, ಕೈ ಸೇರಿಸಿ, ಎಂಟು ಮಗ್ಗ ಆಚೆ ನಿಂತವರ ಜೊತೆಗೂ ಅತ್ತೆಯ ಬಗ್ಗೆ ಚಾಡಿ ಹೇಳುತ್ತಿದ್ದರು. ಎರಡು ಬೆರಳು ತಿರುವಿದರೆ ನೂಲು ಸುತ್ತಿದ ಕಂಡಕಿ ಮುಗಿಯಿತು ಎಂದು. ಕಿವಿಯ ಹಾಲೆ ಮುಟ್ಟಿಕೊಂಡರೆ ಸಾವಕಾರರು ಬಂದರು ಎಂದು. ಮುರಿಗೆಪ್ಪ ಆ ಶೆಡ್ಡಿನ ಜಾಬರ್, ಅಂದರೆ ಕೆಟ್ಟ ಮಗ್ಗವನ್ನು ಸರಿಮಾಡುವವನು. ನಟ್ಟು ತಿರುಗಿಸುವ ಪಾನಾ ಹಿಡಿದು ಸಾಲುಗಳ ನಡುವೆ ಅಡ್ಡಾಡುತ್ತ ಅಡ್ಡಾಡುತ್ತ ಹನ್ನೊಂದನೇ ಮಗ್ಗದ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದ್ದ. ಅಲ್ಲಿ ದಾನವ್ವ ಇದ್ದಳು. ನೋಡಿದ್ದು, ಮೆಚ್ಚಿದ್ದು, ಮದುವೆಯ ಮಾತು ಮುಗಿಸಿದ್ದು ಎಲ್ಲ ತುಟಿಯಲ್ಲೇ. ಮದುವೆಯಾದ ಮೇಲೆ ಮನೆಯಲ್ಲೂ ಅದೇ ಉಳಿಯಿತು. ದನಿ ಇದ್ದದ್ದು ಬ್ಯಾಂಕಿನವರಿಗೆ, ಬೀಗರಿಗೆ, ಬಸ್ಸಿನ ಕಂಡಕ್ಟರನಿಗೆ. ತುಟಿ ಇದ್ದದ್ದು ಒಬ್ಬರಿಗೊಬ್ಬರು.

ದುಡಿಯುತ್ತ ದುಡಿಯುತ್ತ ದಾನವ್ವನ ಕಿವಿ ಪೂರ್ತಿ ಹೋಯಿತು. ಮುರಿಗೆಪ್ಪನದು ಅರ್ಧ ಉಳಿದಿತ್ತು. ಎಂಟು ತಿಂಗಳ ಹಿಂದೆ ಊರಿಗೆ ‘ಶ್ರುತಿಮಿತ್ರ’ ಎಂಬ ಕಂಪನಿಯವರು ಬಂದು, ಕೇಳದವರಿಗೆಲ್ಲ ಬಿಳಿಯ ಸಣ್ಣ ಯಂತ್ರವೊಂದನ್ನು ಪುಕ್ಕಟೆ ಕೊಟ್ಟು ಹೋದರು. ಕಿವಿಯೊಳಗೆ ಸಿಕ್ಕಿಸಿದರೆ ಮಲ್ಲಿಗೆಯ ಮೊಗ್ಗಿನಂತೆ ಕಾಣುತ್ತಿದ್ದುದರಿಂದ ಜನ ಅದನ್ನು ಮೊಗ್ಗು ಎಂದೇ ಕರೆದರು. ಅದು ಮನೆಯಲ್ಲಿ ಮನೆಯ ಇಂಟರ್ನೆಟ್ಟಿಗೆ, ಹೊರಗೆ ಮೊಬೈಲಿಗೆ ಹೊಂದಿಕೊಂಡು ಕೆಲಸ ಮಾಡುತ್ತಿತ್ತು. ಪುಕ್ಕಟೆ ಎಂಬುದರ ಬೆಲೆ ಏನೆಂದರೆ, ನಡುನಡುವೆ ಕಿವಿಯಲ್ಲಿ ಜಾಹೀರಾತು. ಆದರೆ ಅದಕ್ಕೊಂದು ಕಾನೂನಿತ್ತು. ಮನುಷ್ಯರು ಮಾತಾಡುವಾಗ ಯಂತ್ರ ಬಾಯಿ ಹಾಕುವಂತಿಲ್ಲ. ಮೊಗ್ಗು ಸುತ್ತಲಿನ ಸದ್ದು ಕೇಳುತ್ತ ಕೂಡುತ್ತದೆ. ಮಾತು ನಿಂತರೆ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತದೆ. ನಾಲ್ಕಾದರೂ ಯಾರೂ ಉಸಿರೆತ್ತದಿದ್ದರೆ ಜಾಹೀರಾತು ಶುರು.

ಇದು ತಿಳಿದದ್ದೇ ತಡ, ಊರಿಗೆ ಊರೇ ವಾಚಾಳಿಯಾಯಿತು. ಟೀವಿ ಹಚ್ಚಿಟ್ಟರೆ ಮೊಗ್ಗು ಮೋಸ ಹೋಗುತ್ತಿರಲಿಲ್ಲ, ಸ್ಪೀಕರಿನ ದನಿ ಯಾವುದು, ಜೀವದ ದನಿ ಯಾವುದು ಎಂದು ಅದಕ್ಕೆ ಗೊತ್ತಾಗುತ್ತಿತ್ತು. ಹಾಗಾಗಿ ಮನೆಮಂದಿಯೇ ಸರದಿ ಹಾಕಿಕೊಂಡು ಮಾತಾಡತೊಡಗಿದರು. ಎದುರುಮನೆಯ ಸೊಸೆ ಅಡುಗೆ ಮಾಡುತ್ತ ಮಾಡುತ್ತ ಮಾವನಿಗೆ ಏನು ಮಾಡುತ್ತಿದ್ದೇನೆಂದು ಹೇಳುತ್ತಲೇ ಇರುತ್ತಿದ್ದಳು: ಈಗ ಸಾಸಿವೆ ಹಾಕಿದೆ, ಈಗ ಕರಿಬೇವು. ನಿವೃತ್ತ ಮಾಸ್ತರರೊಬ್ಬರು ಹೆಂಡತಿಗೆ ಪೇಪರು ಓದಿ ಮುಗಿಸಿ, ವಿಮೆಯ ಕರಾರು ಪತ್ರದ ಸಣ್ಣ ಅಕ್ಷರಗಳನ್ನೂ ಓದಿ ಹೇಳಿದರಂತೆ. ಭಜನಾ ಮಂಡಳಿಗೆ ಹಿಂದೆಂದೂ ಕಾಣದಷ್ಟು ಜನ. ಹದಿನಾರರ ಮಗ್ಗಿಯನ್ನು ಬಾಯಲ್ಲಿ ಮಣಮಣ ಎನ್ನುತ್ತ ಸಂತೆಗೆ ಹೋಗುವ ಮುದುಕಿಯರನ್ನು ಕಂಡು ಯಾರೂ ನಗುತ್ತಿರಲಿಲ್ಲ.

ಮುರಿಗೆಪ್ಪನ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೂ ಅವರಿಬ್ಬರ ತುಟಿಗೆ ಬಿಡುವಿಲ್ಲ. ಆದರೆ ಮೊಗ್ಗಿನ ಲೆಕ್ಕದಲ್ಲಿ ಆ ಮನೆ ಸುಡುಗಾಡಿನಷ್ಟು ಶಾಂತ.

ಮೊದಮೊದಲು ತೊಂದರೆ ಗೊತ್ತಾಗಲಿಲ್ಲ. ಗಂಡ ಎದುರಿಗಿಲ್ಲದಾಗ ಜಾಹೀರಾತು ಬಂದರೆ ಅದು ಜಾಹೀರಾತೆಂದು ದಾನವ್ವನಿಗೆ ತಿಳಿಯುತ್ತಿತ್ತು. ಗಂಡನ ತುಟಿ ನೋಡುತ್ತ ಕೂತಾಗ ಬಂದರೆ ಕತೆಯೇ ಬೇರೆ. ತುಟಿ ಓದುವವರಿಗೆ ಪೂರ್ತಿ ಮಾತೇನೂ ಕಾಣುವುದಿಲ್ಲ. ಅರ್ಧ ಕಾಣುತ್ತದೆ, ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಇಷ್ಟು ವರ್ಷ ಅವಳ ಮನಸ್ಸು ತಾನೇ ತುಂಬಿಕೊಳ್ಳುತ್ತಿತ್ತು. ಈಗ ತುಂಬಲು ಕಿವಿಯಲ್ಲೊಂದು ದನಿ ಬಂದು ಕೂತಿತ್ತು. ಕಣ್ಣು ಹಾಸಾದರೆ ಕಿವಿ ಹೊಕ್ಕು. ಎರಡೂ ನೂಲು ಸೇರಿ ನೇಯ್ದುಕೊಂಡು ಹೋಗುತ್ತಿದ್ದವು. ಕಂಪನಿಯವರು ಆಯಾ ಊರಿನ ಮಾತಿನ ಧಾಟಿಯಲ್ಲೇ ಜಾಹೀರಾತು ಹೇಳಿಸುತ್ತಿದ್ದುದರಿಂದ ಹೊಂದಿಕೆಯೂ ಚೆನ್ನಾಗಿ ಕೂಡುತ್ತಿತ್ತು. ಮುರಿಗೆಪ್ಪ ಬಾಗಿಲ ಕೀಲಿನ ಬಗ್ಗೆ ತುಟಿಯಾಡಿಸಿದರೆ ಅವಳಿಗೆ ಗಂಡನ ಬಾಯಿಂದ ಹಸಿರೆಣ್ಣೆ ಬರುತ್ತಿತ್ತು.

ಹಾಗಾದರೆ ಗಟ್ಟಿಯಾಗಿಯೇ ಮಾತಾಡಬಾರದೇ? ಮೊಗ್ಗು ಹಾಕಿದ ದಿನವೇ ಅವನು ಅದನ್ನು ಮಾಡಿ ನೋಡಿದ್ದ. ಆಳೆತ್ತರದ ಮನುಷ್ಯ, ಆದರೆ ದನಿ ಮಾತ್ರ ಪೀಪಿಯಷ್ಟು ಸಣ್ಣ. ಅವಳ ಹೆಸರು ಹಿಡಿದು ಕರೆದಾಗ ದಾನವ್ವ ಹಿಂದೆ ತಿರುಗಿ ಯಾರು ಬಂದರೆಂದು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವನ ನಿಜದ ದನಿಯನ್ನು ಅವಳು ಎಂದೋ ಮರೆತಿದ್ದಳು, ಮನಸ್ಸಿನಲ್ಲಿ ಇಷ್ಟು ವರ್ಷ ಗಂಡನಿಗೆ ಇಟ್ಟುಕೊಂಡಿದ್ದ ದನಿ ಬೇರೆ ಇತ್ತು. ಅವನೂ ನಕ್ಕ, ಆದರೆ ಅಂದಿನಿಂದ ಹೆಂಡತಿಯ ಮುಂದೆ ದನಿ ತೆಗೆಯಲಿಲ್ಲ.

ಎಣ್ಣೆಯ ಬಾಟಲಿಗಳನ್ನು ಇಬ್ಬರೂ ನಗೆಯಲ್ಲೇ ಮುಗಿಸಿದರು. ನಗೆಯಲ್ಲಿ ಮುಗಿಯದ್ದು ಆದದ್ದು ಮುಂದಿನ ವಾರ.

ಆ ದಿನ ದಾನವ್ವ ಎರಡು ಹೊತ್ತು ಮುಖ ಕೊಟ್ಟು ಮಾತಾಡಿರಲಿಲ್ಲ. ರೊಟ್ಟಿ ಬಡಿದಳು, ಬಡಿಸಿದಳು, ಎದ್ದು ಹೋದಳು. ಸಂಜೆ ತೇರದಾಳದ ತಂಗಿಯ ಮನೆಗೆ ಹೋಗುವವಳಂತೆ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅವನು ಅವಳ ಭುಜ ಹಿಡಿದು ತಿರುಗಿಸಿ ಏನೆಂದು ಕೇಳಿದ.

“ನೀವ ಅಂದ್ರಲ್ಲ,” ಎಂದಳು ದಾನವ್ವ. ಅವಳೂ ದನಿ ಎತ್ತಲಿಲ್ಲ, ತುಟಿಯಲ್ಲೇ ಅಂದಳು. “ಮನ್ಯಾಗ ಮಾತ ಉಳಿದಿಲ್ಲ, ಇನ್ನ ಬ್ಯಾರೆ ಬ್ಯಾರೆ ಇರೂದ ಚಲೋ ಏನ, ತಿಳದವರನ್ನ ಕೇಳೂಣು ಅಂತ. ನಲವತ್ತ ವರ್ಷ ಆದ ಮ್ಯಾಲೆ ನಾ ಯಾರನ್ನ ಕೇಳಲಿ?”

ಮುರಿಗೆಪ್ಪ ಬೆಳಿಗ್ಗೆ ಹೇಳಿದ್ದು ಶೇಂಗಾ ಬಿಸಿಲಿಗೆ ಹಾಕು ಎಂದು. ಅವಳ ಎರಡೂ ಮೊಗ್ಗುಗಳನ್ನು ತೆಗೆಸಿ ಅಂಗೈಯಲ್ಲಿಟ್ಟುಕೊಂಡು, ಮತ್ತೆ ನಿಧಾನಕ್ಕೆ, ಒಂದೊಂದೇ ಅಕ್ಷರ ಬಿಡಿಸಿ ಅದನ್ನೇ ಹೇಳಿದ. ಅವಳು ಬಹಳ ಹೊತ್ತು ಅವನ ತುಟಿಯನ್ನೇ ನೋಡಿದಳು. ಆಮೇಲೆ ಚೀಲದಿಂದ ಸೀರೆಗಳನ್ನು ತೆಗೆದಿಟ್ಟಳು. ಆದರೆ ಆ ಕಣ್ಣಿನಲ್ಲಿ ಒಂದು ಸಂಶಯದ ಎಳೆ ಉಳಿದದ್ದನ್ನು ಅವನು ಕಂಡ. ತುಂಡಾದ ನೂಲನ್ನು ಗಂಟು ಹಾಕಬಹುದು, ಗಂಟು ಮಾತ್ರ ಬೆರಳಿಗೆ ತಾಗುತ್ತಲೇ ಇರುತ್ತದೆ.

ಮೊಗ್ಗನ್ನೇ ಎಸೆದುಬಿಡೋಣ ಎಂದರೆ ಅದಕ್ಕೂ ಮನಸ್ಸು ಬಾರದು. ಹಾಲು ಉಕ್ಕುವ ಸದ್ದು ಇಪ್ಪತ್ತು ವರ್ಷದ ಮೇಲೆ ಅವಳಿಗೆ ಕೇಳಿತ್ತು. ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಗುಬ್ಬಿಗಳು ಇಷ್ಟೊಂದು ಜಗಳಾಡುತ್ತವೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಅಂಗಳದಲ್ಲಿ ಕೂತುಬಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವನು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಸಬೀಹಾಳ ಬಳಿ ಹೋದ. ಮೂವತ್ತೈದರ ಹೆಂಗಸು, ಶಾಲೆ ಕಲಿತದ್ದು ಎಂಟನೆಯವರೆಗೆ, ಉಳಿದದ್ದೆಲ್ಲ ಬಿಚ್ಚಿ ನೋಡಿ ಕಲಿತದ್ದು. ಅವಳ ಅಪ್ಪ ಇದೇ ಶೆಡ್ಡಿನ ಆರನೇ ಮಗ್ಗದವನು, ಹಾಗಾಗಿ ಅವಳಿಗೂ ಚೂರು ತುಟಿಮಾತು ಬರುತ್ತಿತ್ತು. ಕತೆ ಕೇಳಿ ಮೊದಲು ನಕ್ಕಳು, ಚೀಲಕ್ಕೆ ಸೀರೆ ತುಂಬಿದ ಮಾತು ಬಂದಾಗ ನಗು ನಿಲ್ಲಿಸಿ ಸ್ಕ್ರೂ ಡ್ರೈವರ್ ಕೆಳಗಿಟ್ಟಳು.

“ಕಾಕಾ, ಮೊಗ್ಗಿನ ಹೊಟ್ಟಿಯೊಳಗ ಜಾಹೀರಾತ ಇರೂದಿಲ್ಲ. ಬೇಕಾದಾಗೊಮ್ಮೆ ನಿಮ್ಮ ಮನಿ ಇಂಟರ್ನೆಟ್ಟಿನಾಗ ಕೂಗಿ, ಇಂಥವರ ವಿಳಾಸ ಎಲ್ಲೈತಿ ಅಂತ ಕೇಳತೈತಿ. ನಾ ಒಂದ ಡಬ್ಬಿ ಮಾಡಿ ಕೊಡ್ತೀನಿ. ಅದು ನಡಬಾಗಿಲದಾಗ ಕುಂತ ಮುದುಕಿಯಂಗ, ಅಂಥವ್ರು ಇಲ್ಲಿ ಯಾರೂ ಇಲ್ಲ, ಮುಂದ ಹೋಗು ಅಂತೈತಿ. ಅಷ್ಟ.”

ತಂಬಾಕಿನ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ ಪಡಸಾಲೆಯ ಗೂಟಕ್ಕೆ ನೇತುಬಿದ್ದಿತು. ಮುಖದ ಮೇಲೆ ಒಂದೇ ಒಂದು ದೀಪ. ಮೊಗ್ಗು ಜಾಹೀರಾತು ಕೊಡೆಂದು ಕೇಳಿದಾಗ ಹಳದಿ, ಸುಮ್ಮನಿದ್ದಾಗ ಹಸಿರು. ಆ ಸಂಜೆ ದೀಪ ಎಷ್ಟೋ ಸಲ ಹಳದಿಯಾಯಿತು, ದಾನವ್ವನ ಕಿವಿಯಲ್ಲಿ ಮಾತ್ರ ಏನೂ ಬರಲಿಲ್ಲ. ಗಂಡ ಹೆಂಡತಿ ತಮ್ಮಷ್ಟಕ್ಕೆ ತಾವು ತುಟಿಯಾಡಿಸುತ್ತ ನೆನೆಸಿದ ಚುರಮುರಿಯ ಸೂಸಲಾ ತಿಂದರು. ಎರಡು ದಿನ ಹಾಗೆಯೇ ಕಳೆಯಿತು.

ಮೂರನೆಯ ದಿನ ದಾನವ್ವ ಒಂದು ಮಾತು ಹೇಳಿದಳು. ಹೇಳುವಾಗ ಅವನ ಕಡೆ ನೋಡದೆ ಅಕ್ಕಿ ಆರಿಸುತ್ತಿದ್ದಳು.

“ಸಿಟ್ಟ ಆಗಬ್ಯಾಡ್ರಿ. ನಿಮ್ಮ ದನಿ ಹೋಗೇತಿ ಅನಸ್ತೈತಿ.”

ಯಾವ ದನಿ ಎಂದು ಅವನು ಕೇಳಬೇಕಾಗಲಿಲ್ಲ. ಜಾಹೀರಾತು ಹೇಳುತ್ತಿದ್ದವನದು ದಪ್ಪ, ತುಂಬಿದ ದನಿ. ಅವಳು ಶೆಡ್ಡಿನಲ್ಲಿ ಕೂತು ಗಂಡನಿಗೆ ಕಲ್ಪಿಸಿಕೊಂಡಿದ್ದ ದನಿ ಹೆಚ್ಚುಕಮ್ಮಿ ಅಂಥದ್ದೇ. ಎಂಟು ತಿಂಗಳು ಅವಳು ಗಂಡನ ತುಟಿಯಲ್ಲಿ ಅದನ್ನು ಕೇಳಿದ್ದಳು. ಹೇಳಿದ್ದು ಸುಳ್ಳಾಗಿರಬಹುದು, ಆದರೆ ದನಿ ಒಪ್ಪಿತ್ತು. ಮುರಿಗೆಪ್ಪನಿಗೆ ಇನ್ನೊಬ್ಬ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಬಂದದ್ದು ಅದೇ ಮೊದಲು. ಅದೂ ಎಣ್ಣೆ ಮಾರುವವನ ಮೇಲೆ, ಯಂತ್ರ ಕಟ್ಟಿದ, ಹುಟ್ಟೇ ಇಲ್ಲದವನ ಮೇಲೆ.

ಅವನು ಏನಾದರೂ ಹೇಳುವ ಮೊದಲೇ ಅವಳ ಕೈಯಿಂದ ಮೊರ ಜಾರಿತು. ಎರಡೂ ಕೈ ಕಿವಿಗೆ ಹೋದವು. ಮೊಗ್ಗು ಸತ್ತಿತ್ತು. ಅವಳ ಮೊಬೈಲಿನ ಮೇಲೆ ಸಂದೇಶ ಬಂದಿತ್ತು: ಮೂರು ದಿನಗಳಿಂದ ತಾವು ಯಾವುದೇ ಜಾಹೀರಾತು ಕೇಳಿಲ್ಲವಾದ್ದರಿಂದ ಸೇವೆಯನ್ನು ನಿಲ್ಲಿಸಲಾಗಿದೆ, ಕಚೇರಿಯನ್ನು ಸಂಪರ್ಕಿಸಿ. ಅಂಗಳದಲ್ಲಿ ಗುಬ್ಬಿಗಳು ಎಂದಿನಂತೆ ಜಗಳಾಡುತ್ತಿದ್ದವು. ದಾನವ್ವ ಅವುಗಳ ಕೊಕ್ಕುಗಳನ್ನು ನೋಡುತ್ತ ಕೂತಳು.

ಹುಬ್ಬಳ್ಳಿಯ ಕಚೇರಿಗೆ ಮೂವರೂ ಹೋದರು. ಸಬೀಹಾ ಅಂಗಡಿಗೆ ಬೀಗ ಹಾಕಿ ಬಂದದ್ದು, ತನ್ನ ಡಬ್ಬಿಯಿಂದಲೇ ಹೀಗಾಯಿತೆಂಬ ಕಳವಳಕ್ಕೆ ಅರ್ಧ, ಒಳಗೆ ಏನಿದೆಯೋ ನೋಡುವ ಆಸೆಗೆ ಅರ್ಧ. ನಾಲ್ಕನೇ ಅಂತಸ್ತಿನಲ್ಲಿ ಒಂದು ದೊಡ್ಡ ಕೋಣೆ, ನಡುವೆ ನೆಲದಿಂದ ಸೂರಿನವರೆಗೆ ಗಾಜಿನ ಗೋಡೆ. ಆಚೆಯ ಗೋಡೆ ತುಂಬ ಸಾವಿರಾರು ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ಮನೆ. ಜನ ಮಾತಾಡುತ್ತಿದ್ದರೆ ಹಸಿರು, ಸುಮ್ಮನಾದರೆ ಹಳದಿ. ಹಳದಿಯಾದದ್ದೇ ಜಾಹೀರಾತು ಹೊರಡುತ್ತದೆ. ಊರೂರುಗಳ ಮಾತೂ ಮೌನವೂ ಗಾಳಿಗೆ ಸಿಕ್ಕ ಜೋಳದ ಹೊಲದಂತೆ ಅಲ್ಲಿ ತೂಗುತ್ತಿದ್ದವು. ಮುರಿಗೆಪ್ಪ ಬಂದ ಕೆಲಸ ಮರೆತು ಗಳಿಗೆ ಹೊತ್ತು ಅದನ್ನೇ ನೋಡಿದ. ಮಧ್ಯಾಹ್ನ ಒಂದಕ್ಕೆ ಎಲ್ಲ ಊರೂ ಒಮ್ಮೆಲೇ ಹಳದಿಯಾಗುತ್ತವಂತೆ, ಬಾಯಲ್ಲಿ ತುತ್ತಿರುವ ಹೊತ್ತದು.

ಅಲ್ಲಿನ ಮೇಲ್ವಿಚಾರಕಿ ಸುಮೇಧಾ ಕುಲಕರ್ಣಿ, ಧಾರವಾಡದಾಕೆ, ಮಾತಿನಲ್ಲಿ ಮೃದು. ಅವರ ಮನೆಯ ಚುಕ್ಕೆಯನ್ನು ಹುಡುಕಿ ದೊಡ್ಡದು ಮಾಡಿದಳು. ಎಂಟು ತಿಂಗಳೂ ಹಳದಿ.

“ಸಿಟ್ಟಾಗಬ್ಯಾಡ್ರಿ, ಕೇಳ್ತೇನಿ,” ಎಂದಳು ಆಕೆ. “ನೀವಿಬ್ಬರೂ ಮಾತು ಬಿಟ್ಟೀರೇನು? ನಮ್ಮ ಯಂತ್ರಕ್ಕ ಹಂಗ ಅನ್ನಿಸೇದ. ಅದಕ್ಕ ನಿಮಗ ಸಂಸಾರದ ಸಲಹಾ ಕೇಂದ್ರದ ಜಾಹೀರಾತು ಹೋಗ್ಯಾವ.”

ಮುರಿಗೆಪ್ಪನಿಗೆ ಮೈಯೆಲ್ಲ ಉರಿಯಿತು. ಮಾತು ಬಿಟ್ಟವರು ತಾವೇ? ವಿವರಿಸಲು ಹೋದರೆ ಸಣ್ಣ ದನಿ ಇನ್ನೂ ಸಣ್ಣದಾಯಿತು. ತೋರಿಸುತ್ತೇನೆ, ಮೊದಲು ಅವಳ ಮೊಗ್ಗು ಬದುಕಿಸಿರಿ ಎಂದ. ಸುಮೇಧಾ ಗುಂಡಿಯೊಂದನ್ನು ಒತ್ತಿದಳು. ದಾನವ್ವನ ಮುಖ ಅರಳಿದ್ದನ್ನು ನೋಡಿ ಕೆಲಸ ಆಯಿತೆಂದು ಅವನಿಗೆ ತಿಳಿಯಿತು. ಸಬೀಹಾ ದಾನವ್ವನನ್ನು ಗಾಜಿನ ಆಚೆಗೆ ಕರೆದೊಯ್ದು ಕೂಡಿಸಿದಳು. ಗಾಜಿನೊಳಗಿಂದ ಸದ್ದು ಹಾಯುವುದಿಲ್ಲ. ಇವಳಿಗೆ ಏನಾದರೂ ಕೇಳಬೇಕಿದ್ದರೆ ಚೀಟಿಯಲ್ಲಿ ಬರೆದು ತನಗೆ ಕೊಡಿರಿ, ತಾನು ತುಟಿಯಲ್ಲಿ ಕೇಳುತ್ತೇನೆಂದು ಮುರಿಗೆಪ್ಪ ಅಂದ.

ಸುಮೇಧಾ ಬರೆದಳು: ನಿಮ್ಮ ಮಗ್ಗದ ನಂಬರು ಯಾವುದು? ಅವನು ತುಟಿಯಾಡಿಸಿದ. ಗಾಜಿನಾಚೆ ದಾನವ್ವ ಎರಡೂ ಕೈಯ ಬೆರಳು ತೋರಿಸಿ ಮೇಲೆ ಇನ್ನೊಂದು ಬೆರಳು ಎತ್ತಿದಳು, ಹನ್ನೊಂದು. ಸುಮೇಧಾಳ ಹುಬ್ಬು ಏರಿತು. ಗೋಡೆಯ ಬೋರ್ಡಿನಲ್ಲಿ ಅವರ ಚುಕ್ಕೆ ಹಳದಿಯಾಗಿಯೇ ಇತ್ತು. ಎರಡನೆಯ ಚೀಟಿ ಉದ್ದವಿತ್ತು: ಮದುವೆಯಾದ ಮೇಲೆ ಇಬ್ಬರೂ ಮೊದಲ ಸಲ ಯಾವ ಊರಿಗೆ ಹೋಗಿದ್ದಿರಿ, ಅಲ್ಲಿ ಏನು ಕಳೆದುಕೊಂಡಿರಿ? ಅವನು ಆ ಪ್ರಶ್ನೆಯನ್ನು ಹೇಳತೊಡಗಿದ. ಹೇಳುತ್ತಿದ್ದಂತೆಯೇ ನಾಲ್ಕು ಎಣಿಕೆ ಮುಗಿಯಿತು. ದಾನವ್ವನ ಕಣ್ಣು ಚೂರು ಸಣ್ಣದಾದದ್ದನ್ನು ಅವನು ಕಂಡ. ಅವಳು ನಾಚಿಕೊಂಡು ಎದ್ದು ಗಾಜಿನ ಬಾಗಿಲು ಸರಿಸಿ ಈಚೆ ಬಂದಳು.

“ಹನ್ನೆರಡ ವರ್ಷ ಗ್ಯಾರಂಟಿ ಗಾದಿ ಐತಿ, ಇವತ್ತ ತಗೊಂಡ್ರ ಎರಡ ದಿಂಬ ಪುಕ್ಕಟೆ ಅಂತಾರ್ರೀ ಇವರು. ದೊಡ್ಡ ಆಫೀಸಿನಾಗ ಬಂದ ಗಾದಿ ಮಾತ ಯಾಕ?”

ಸುಮೇಧಾಳ ಕೈಯಲ್ಲಿ ಚೀಟಿ ಹಾಗೆಯೇ ಇತ್ತು. ಆಕೆ ಚೀಟಿಯನ್ನೂ, ಬೋರ್ಡನ್ನೂ, ಮುರಿಗೆಪ್ಪನ ಬಾಯನ್ನೂ ಒಂದಾದ ಮೇಲೊಂದು ನೋಡಿದಳು. ಆಮೇಲೆ ಕುರ್ಚಿ ಎಳೆದು ದಾನವ್ವನನ್ನು ಕೂಡಿಸಿ, ತಾನೂ ಎದುರು ಕೂತು, ಇದು ಎಷ್ಟು ದಿನದಿಂದ ಎಂದು ಕೇಳಿದಳು. ಸಬೀಹಾ ಅಷ್ಟೂ ಕತೆ ಹೇಳಿದಳು, ಸೀರೆ ತುಂಬಿದ ಚೀಲದ ಸಮೇತ.

ಸೇವೆ ಮತ್ತೆ ಸುರು ಮಾಡುವುದು ತನ್ನ ಕೈಯಲ್ಲಿದೆ, ನಿಯಮ ಬದಲಿಸುವುದು ತನ್ನ ಕೈಯಲ್ಲಿಲ್ಲ ಎಂದಳು ಸುಮೇಧಾ. ಯಂತ್ರಕ್ಕೆ ಕಿವಿ ಇದೆ, ಕಣ್ಣಿಲ್ಲ. ಬೇಕಿದ್ದರೆ ಒಂದು ದಾರಿಯಿದೆ. ಕಂಪನಿಯ ಹೊಸ ಏರ್ಪಾಟಿನಲ್ಲಿ ಮನೆಯಲ್ಲೊಂದು ಕ್ಯಾಮರಾ ಇಡುತ್ತಾರೆ. ಅದು ತುಟಿ ಓದಿ, ಆ ಮಾತನ್ನು ದಾನವ್ವನ ಕಿವಿಯಲ್ಲಿ ಗಂಡನದೇ ದನಿಯಲ್ಲಿ ಹೇಳುತ್ತದೆ. ಮುರಿಗೆಪ್ಪ ಅರ್ಧ ತಾಸು ದನಿ ಕೊಟ್ಟರೆ ಸಾಕು, ಸಣ್ಣ ಅನಿಸಿದರೆ ದಪ್ಪ ಮಾಡಿಯೂ ಕೊಡುತ್ತಾರೆ.

ದಪ್ಪ ದನಿ. ಹೆಂಡತಿ ಬಯಸಿದ್ದ ದನಿ. ಸಬೀಹಾ ಆ ಮಾತನ್ನೆಲ್ಲ ಸರಳವಾಗಿ ಬಿಡಿಸಿ ಹೇಳಿದಾಗ ದಾನವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಏನು ಓದಿದಳೋ, ಸುಮೇಧಾಳ ಕಡೆ ತಿರುಗಿ ಕೇಳಿದಳು.

“ಮತ್ತ ಎಣ್ಣಿ ತಗೋ ಅನ್ನೂದು, ಗಾದಿ ತಗೋ ಅನ್ನೂದು? ಅದೂ ಇವರ ದನಿಯಾಗ ಬರತೈತೇನ್ರಿ?”

ಸುಮೇಧಾ ಸುಳ್ಳು ಹೇಳಲಿಲ್ಲ. “ಹೌದ್ರಿ. ಕರಾರಿನಾಗ ಹಂಗ ಅದ.”

“ಹಂಗಾರ ಬ್ಯಾಡ. ಇವರ ಬಾಯಾಗ ಇನ್ನೊಬ್ಬರು ಕುಂತಿದ್ದು ಸಾಕು.”

ಬರುವಾಗ ಸಬೀಹಾ ಬಾಗಿಲಲ್ಲಿ ನಿಂತು, ಸುಮ್ಮನೆ ಎಂಬಂತೆ, ಮಾತು ಯಾವುದು ಸದ್ದು ಯಾವುದು ಎಂದು ಮೊಗ್ಗಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದಳು. ಸುಮೇಧಾ ಅವಳನ್ನು ಚೂರು ಹೊತ್ತು ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳಂತೆ ಹೇಳಿದಳು. ಯಂತ್ರಕ್ಕೆ ಅರ್ಥ ಬೇಕಾಗಿಲ್ಲ, ಲಯ ಸಾಕು. ಮನುಷ್ಯರು ಯಾವ ಭಾಷೆಯಲ್ಲಿ ಮಾತಾಡಿದರೂ ದವಡೆ ಒಂದೊಂದು ಎಣಿಕೆಗೆ ನಾಲ್ಕೈದು ಸಲ ಏರಿ ಇಳಿಯುತ್ತದೆ, ನಡುನಡುವೆ ಉಸಿರಿಗೆ ತಡೆಯುತ್ತದೆ. ಆ ಏರಿಳಿತವಿರುವ ಸದ್ದು ಸ್ಪೀಕರಿನಿಂದ ಬರದೆ ಮೈಯಿಂದ ಬಂದರೆ ಯಂತ್ರ ಅದನ್ನು ಮಾತು ಎಂದುಕೊಳ್ಳುತ್ತದೆ.

ಬಸ್ಸು ನರಗುಂದ ದಾಟುವವರೆಗೆ ಮುರಿಗೆಪ್ಪ ತನ್ನ ದವಡೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ತುಟಿಮಾತಿನಲ್ಲಿ ದನಿ ಇಲ್ಲದಿದ್ದರೇನು, ದವಡೆ ಕುಣಿಯುತ್ತದೆ. ಅದೂ ಉಳಿದವರ ದವಡೆಗಿಂತ ಹೆಚ್ಚೇ ಕುಣಿಯುತ್ತದೆ. ಮಗ್ಗದಲ್ಲಿ ಅಲುಗುವುದಕ್ಕೆಲ್ಲ ಸದ್ದು ಹುಟ್ಟಿಸಬಹುದು. ಅಲುಗುವ ದವಡೆಗೆ ಏಕೆ ಆಗಬಾರದು?

ಮನೆಯ ಬಾಗಿಲ ಹಿಂದೆ ಹಳೆಯ ಫಣಿಯೊಂದು ತೂಗುಹಾಕಿತ್ತು. ಫಣಿ ಎಂದರೆ ಮಗ್ಗದ ಬಾಚಣಿಗೆ, ಎಳೆ ಎಳೆಯೂ ಹಾಯ್ದು ಬರುವ, ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಗಳ ಸಾಲು. ಅದರಿಂದ ಒಂದು ಪಟ್ಟಿ ಬಿಡಿಸಿ, ತನ್ನ ಕನ್ನಡಕದ ಕಾಲಿಗೆ ಬಿಗಿದು, ತುದಿ ದವಡೆಯ ಕೀಲಿನ ಮೇಲೆ ಬಂದು ಕೂಡುವಂತೆ ಮಾಡಿದ. ಬಾಯಿ ತೆರೆದಾಗಲೆಲ್ಲ ಕೀಲು ಪಟ್ಟಿಯನ್ನು ಮೀಟುತ್ತಿತ್ತು, ಪಟ್ಟಿ ಗುಂಯ್ ಎನ್ನುತ್ತಿತ್ತು. ಅರ್ಧ ಕಿವಿಯವನಾದ್ದರಿಂದ ಅವನಿಗೆ ಅದರ ಕಾಟವಿಲ್ಲ. ಸಬೀಹಾ ಗೂಟದ ಡಬ್ಬಿಯ ಕೆಲಸವನ್ನು ಬದಲಿಸಿದಳು, ಇನ್ನು ಅದು ಯಾರನ್ನೂ ತಡೆಯುವುದಿಲ್ಲ, ನೋಡುತ್ತ ಕೂಡುತ್ತದೆ ಅಷ್ಟೇ. ಹಳದಿ ಬಂದರೆ ಮೊಗ್ಗು ಜಾಹೀರಾತು ಕೇಳಿತು ಎಂದರ್ಥ.

ಮೊದಲ ದಿನ ಮುರಿಗೆಪ್ಪ ಬಾಯಿ ತೆರೆದ ಕೂಡಲೇ ದೀಪ ಹಳದಿಯಾಯಿತು. ದಾನವ್ವ ಕೇಳಿ ಹೇಳಿದಳು, ಸೊಳ್ಳೆ ಬತ್ತಿಯ ಜಾಹೀರಾತಂತೆ. ಪಟ್ಟಿಯ ಸದ್ದನ್ನು ಯಂತ್ರ ಸೊಳ್ಳೆ ಎಂದುಕೊಂಡಿತ್ತು. ಸಬೀಹಾ ನೆಲದ ಮೇಲೆ ಕೂತು ನಕ್ಕಳು. ಮುರಿಗೆಪ್ಪ ನಗಲಿಲ್ಲ. ಎರಡು ಪಟ್ಟಿ ಜೋಡಿಸಿದ, ದಪ್ಪ ಮಾಡಿದ, ತುದಿಗೆ ಜೇನುಮೇಣದ ಹನಿ ಅಂಟಿಸಿ ಭಾರ ಮಾಡಿದ. ಒಂಬತ್ತು ದಿನ ಅದೇ ಕೆಲಸ. ಒಂದಕ್ಕೆ ಹಸಿರು ಬಂದು ಅರ್ಧ ಮಾತಿಗೆ ಹೋಯಿತು. ಒಂದು ಕೆನ್ನೆ ಕೊಯ್ಯಿತು. ಆ ದಿನಗಳಲ್ಲೆಲ್ಲ ದಾನವ್ವ ಗಂಡ ಮಾತಾಡುವಾಗ ಮೊಗ್ಗು ತೆಗೆದಿಟ್ಟುಕೊಳ್ಳುತ್ತಿದ್ದಳು, ಮುಗಿದ ಮೇಲೆ ಹಾಕಿಕೊಳ್ಳುತ್ತಿದ್ದಳು. ಒಂದು ಸಲ ಹಾಲು ಉಕ್ಕಿ ಹೋಯಿತು.

ಹತ್ತನೆಯ ದಿನದ ಪಟ್ಟಿ ನಿಂತಿತು. ಅವನು ಅಂಗಳದಲ್ಲಿ ಕೂತು, ಹುಬ್ಬಳ್ಳಿಯಲ್ಲಿ ಅರ್ಧಕ್ಕೆ ನಿಂತ ಪ್ರಶ್ನೆಗೆ ತಾನೇ ಉತ್ತರ ಹೇಳಿ ಮುಗಿಸಿದ. ಬಾದಾಮಿಗೆ ಹೋದದ್ದು, ಕೆರೆಯ ಮೆಟ್ಟಿಲ ಮೇಲೆ ಮಂಗ ಅವಳ ಹೊಸ ಚಪ್ಪಲಿಯ ಒಂದೇ ಕಾಲನ್ನು ಒಯ್ದದ್ದು, ಇವಳು ಮತ್ತೊಂದನ್ನು ಮಂಗನಿಗೇ ಎಸೆದು ಬರಿಗಾಲಲ್ಲಿ ನಡೆದದ್ದು. ದೀಪ ಹಸಿರಾಗಿಯೇ ಇತ್ತು. ಸಬೀಹಾ ದೀಪವನ್ನು ನೋಡುತ್ತಿದ್ದಳು, ಮುರಿಗೆಪ್ಪ ಹೆಂಡತಿಯನ್ನು. ಕಿವಿಯಲ್ಲಿ ಮೊಗ್ಗಿಟ್ಟುಕೊಂಡೇ ಅವಳು ಮಾತನ್ನು ಕೊನೆಯವರೆಗೂ ಓದಿದಳು, ಮಂಗನ ಜಾಗಕ್ಕೆ ಬಂದಾಗ ಸರಿಯಾಗಿ ಅಲ್ಲಿಯೇ ನಕ್ಕಳು.

ಹೇಗೆ ಕೇಳಿಸುತ್ತಿದೆ ಎಂದು ಅವನು ಅಳುಕುತ್ತ ಕೇಳಿದ. ಸಣ್ಣದೋ, ದಪ್ಪವೋ?

ದಾನವ್ವ ತಲೆ ಓರೆ ಮಾಡಿ ಯೋಚಿಸಿದಳು. “ಶೆಡ್ಡಿನ ಆ ಕಡೆ ತುದಿಗೆ ಒಂದ ಮಗ್ಗ ಓಡಿದಂಗ ಐತಿ. ಅದು ನಿಮ್ಮದ ಅನಸ್ತೈತಿ.”

ಎರಡು ದಿನ ಕಳೆದು ಹುಬ್ಬಳ್ಳಿಯಿಂದ ಸಬೀಹಾಳಿಗೆ ಫೋನು ಬಂತು. ಬನಹಟ್ಟಿಯ ಒಂದು ಚುಕ್ಕೆ ಬೆಳಗಿನಿಂದ ಹಸಿರಾಗಿದೆ, ಆ ಮನೆಗೆ ನೆಂಟರು ಬಂದಿದ್ದಾರೆಯೇ ಎಂದು ಸುಮೇಧಾ ಕೇಳಿದಳು. ಬಂದಿದ್ದಾರೆ ಎಂದಳು ಸಬೀಹಾ. ಬಹಳ ದಿನ ಇರುತ್ತಾರೆಯೇ? ಇರುತ್ತಾರೆ. ಒಳ್ಳೆಯದು ಎಂದು ಸುಮೇಧಾ ಫೋನಿಟ್ಟಳು. ಆ ವಾರವೇ ಶೆಡ್ಡಿನ ಹಳೆಯ ಮಂದಿ ನಾಲ್ವರು, ಮನೆಯಲ್ಲಿದ್ದ ಫಣಿಗಳನ್ನು ಬಗಲಿಗಿಟ್ಟುಕೊಂಡು ಮುರಿಗೆಪ್ಪನ ಬಾಗಿಲಿಗೆ ಬಂದರು.

ಅವರು ಹೋದ ಮೇಲೆ ಸಂಜೆ ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ದಿನಕ್ಕಿಷ್ಟು ಜಾಹೀರಾತು ಕೇಳಲೇಬೇಕಲ್ಲ, ಅದನ್ನು ದಾನವ್ವ ಮಧ್ಯಾಹ್ನ ಒಬ್ಬಳೇ ರೊಟ್ಟಿ ಬಡಿಯುವಾಗ ಕೇಳಿ ಮುಗಿಸಿಬಿಡುತ್ತಿದ್ದಳು. ಸಂಜೆಯನ್ನು ಬಿಟ್ಟುಕೊಡುತ್ತಿರಲಿಲ್ಲ. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಂಡಿತು. ಮುರಿಗೆಪ್ಪ ಅತ್ತ ನೋಡಿ, ಆ ಕೀಲು ಇನ್ನೂ ಸಡಿಲಾಗಿಯೇ ಇದೆ, ಸ್ಕ್ರೂ ಡ್ರೈವರ್ ಎಲ್ಲಿಟ್ಟಿದ್ದೀ ಎಂದು ತುಟಿಯಲ್ಲಿ ಕೇಳಿದ. ಕನ್ನಡಕದ ಪಟ್ಟಿ ಗುಂಯ್‌ಗುಟ್ಟಿತು.

“ಹಿಟ್ಟಿನ ಡಬ್ಬಿ ಹಿಂದ ಐತಿ,” ಎಂದಳು ದಾನವ್ವ. “ಆವಾಗ ಕೇಳಿದ್ರ ಆವಾಗ ಹೇಳತಿದ್ದೆ.”

“ಆವಾಗೂ ಕೇಳಿದ್ನಿ.”

“ಎಣ್ಣಿ ಹಚ್ಚು ಅಂದ್ರಿ.”

ಅವನು ನಕ್ಕು ಸುಮ್ಮನಾದ. ಎದ್ದು ಹೋಗಿ ಸ್ಕ್ರೂ ಡ್ರೈವರ್ ತರುವ ಮನಸ್ಸೂ ಇರಲಿಲ್ಲ, ಹೇಳುವ ಮಾತೂ ಆ ಹೊತ್ತಿಗೆ ಬೇರೇನಿರಲಿಲ್ಲ. ಅವಳೂ ಸುಮ್ಮನೆ ಸಿಪ್ಪೆ ಬಿಡಿಸಿದಳು. ಒಂದು, ಎರಡು, ಮೂರು ಕಾಯಿ. ಗೂಟದ ಮೇಲಿನ ದೀಪ ಹಳದಿಗೆ ತಿರುಗಿತು. ದಾನವ್ವ ತಲೆಯೆತ್ತಿ ಅದನ್ನು ನೋಡಿದಳು, ಶೇಂಗಾದ ಮಣ್ಣು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಗಂಡನ ಕೆನ್ನೆಯ ಮೇಲಿನ ಉಕ್ಕಿನ ಪಟ್ಟಿಯನ್ನು ಉಗುರಿನಿಂದ ಮೀಟಿದಳು, ಮತ್ತೆ ಮೀಟಿದಳು, ನಡುವೆ ಉಸಿರಿನಷ್ಟು ತಡೆದು ಇನ್ನೊಮ್ಮೆ ಮೀಟಿದಳು. ದೀಪ ಹಸಿರಾಯಿತು.